ಅರವತ್ತರ ಮೇಜಿನಿಂದ ಎದ್ದುಹೋದವಳು

ರಿಮ್ಮಾ ಹೆಗಾಯ್‌ಳನ್ನು ಮೊದಲು ಮೊಂಡಿ ಎಂದು ಕರೆದದ್ದು ಅವಳ ಗಂಡ. ಅವನು ತಾಷ್ಕೆಂಟಿನಲ್ಲಿ ಮಣ್ಣಿಗೆ ಸೇರಿ ಹನ್ನೊಂದು ವರ್ಷವಾಯಿತು. ಆ ಮಾತು ಮಾತ್ರ ಮನೆಯವರ ನಾಲಿಗೆಯ ಮೇಲೆ ಹಾಗೇ ಉಳಿದಿದೆ. ಮಗನೊಂದಿಗೆ ಅವಳು ಕೊರಿಯಾದ ಗ್ವಾಂಗ್‌ಜುವಿಗೆ ಬಂದದ್ದು ಐದು ವರ್ಷದ ಹಿಂದೆ, ಹಿಂದೆ ಕೊರಿಯಾ ಬಿಟ್ಟು ಹೋದವರ ಮೊಮ್ಮಕ್ಕಳಾದ ನಮ್ಮ ಕೊರ್ಯೊ ಮಂದಿಯೆಲ್ಲ ಅಜ್ಜಂದಿರ ದೇಶ ಎಂದುಕೊಂಡು ಬಂದ ಹಾಗೆಯೇ. ಅಜ್ಜಂದಿರ ದೇಶ ನಮ್ಮನ್ನು ಕಂಡು ಕುಣಿದಾಡಲಿಲ್ಲ, ಆ ಮಾತು ಬೇರೆ.

ಕಾರಿನ ಕನ್ನಡಿ ಮಾಡುವ ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದಳು. ಯಂತ್ರಕ್ಕೆ ಸಿಕ್ಕಿ ಬೆರಳು ಜಜ್ಜಿಹೋದ ವಾರ ಮೇಸ್ತ್ರಿ ಒಂದು ಹಾಳೆ ಮುಂದೆ ಚಾಚಿ, "ಸಹಿ ಹಾಕಮ್ಮ, ಆಸ್ಪತ್ರೆ ಕಾಗದ" ಅಂದ. ಹಾಕಿದಳು. ತಾನಾಗಿಯೇ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಅಜ್ಜಿಯಿಂದ ಕಲಿತ ಅಡುಗೆಮನೆಯ ಕೊರಿಯನ್ ಅವಳಿಗೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕೆಲಸ ಹೋದದ್ದಕ್ಕಿಂತ ತನ್ನ ಕೈಯಿಂದಲೇ ತನ್ನ ಕತ್ತು ಕೊಯ್ಯಿಸಿದರಲ್ಲ ಎನ್ನುವುದು ಅವಳನ್ನು ಸುಟ್ಟಿತು. ಓದಲು ಬರುವವರೆಗೆ ಯಾವ ಕಾಗದವನ್ನೂ ಮುಟ್ಟುವುದಿಲ್ಲ ಎಂದು ಅಂದೇ ಪಟ್ಟು ಹಿಡಿದಳು.

ಹಾಗಾಗಿ ಈ ಬೇಸಿಗೆಯ ಭಾಷಾ ತರಗತಿ. ಎಂಟು ವಾರ, ವಾರಕ್ಕೆ ಐದು ದಿನ, ಮಧ್ಯಾಹ್ನ ಒಂದರಿಂದ ಐದು. ಒಟ್ಟು ನೂರ ಅರವತ್ತು ಗಂಟೆಯಲ್ಲಿ ಮೂವತ್ತೆರಡು ಗಂಟೆ ತಪ್ಪಿಸಿಕೊಳ್ಳಬಹುದು. ಮೂವತ್ತಮೂರನೆಯದಕ್ಕೆ ಹೆಸರು ಹೊಡೆದುಹಾಕುತ್ತಾರೆ, ಮತ್ತೆ ಮುಂದಿನ ವರ್ಷವೇ, ಮೊದಲಿಂದಲೇ. ಹತ್ತು ನಿಮಿಷ ತಡವಾದರೆ ಆ ಗಂಟೆ ಪೂರ್ತಿ ಹೋಯಿತು. ಮೊಮ್ಮಗಳಿಗೆ ಜ್ವರ ಬಂದು ಒಂದು ವಾರ ಹೋಯಿತು, ಅಲ್ಲಿಗೆ ಇಪ್ಪತ್ತು. ಬೆಳಿಗ್ಗೆ ಈರುಳ್ಳಿ ಸುಲಿಯುವ ಕೆಲಸ ಮುಗಿಸಿ ಹಿಡಿಯುವ ಬಸ್ಸು ಹನ್ನೆರಡು ಸಲ ಕೈಕೊಟ್ಟಿತು. ಕೊನೆಯ ವಾರಕ್ಕೆ ಕಾಲಿಟ್ಟಾಗ ತಪ್ಪಿಸಿಕೊಳ್ಳಲು ಇನ್ನು ಒಂದು ಗಂಟೆಯೂ ಉಳಿದಿರಲಿಲ್ಲ.

ಸರಿಯಾಗಿ ಆಗಲೇ ಮಗ ರಾಡಿಕ್ ಮುಖ ಅರಳಿಸಿಕೊಂಡು ಬಂದ.

"ಅಮ್ಮ, ಬುಧವಾರ ನಿನ್ನ ಅರವತ್ತರ ಮೇಜು. ಹೋಟೆಲಿನ ಹಾಲ್ ಹಿಡಿದಾಯ್ತು. ನಿಂಗೆ ಗೊತ್ತಾಗದ ಹಾಗೇ ಎಲ್ಲಾ ಮಾಡಿದ್ದೀವಿ."

"ಎಷ್ಟು ಹೊತ್ತಿಗೆ?"

"ಹನ್ನೆರಡಕ್ಕೆ ಶುರು."

"ನಂಗೆ ಒಂದಕ್ಕೆ ಕ್ಲಾಸಿದೆ."

ರಾಡಿಕ್ ನಕ್ಕ. ಅಮ್ಮ ನಗಲಿಲ್ಲ ಎಂದು ತಿಳಿದ ಮೇಲೆ ಅವನ ನಗು ಆರಿತು. ನಮ್ಮಲ್ಲಿ ಬದುಕಿಗೆ ಮೂರು ಮೇಜು: ಮೊದಲ ಹುಟ್ಟುಹಬ್ಬದ್ದು, ಮದುವೆಯದ್ದು, ಅರವತ್ತರದ್ದು. ಮೊದಲೆರಡನ್ನು ಹೆತ್ತವರು ಹಾಕುತ್ತಾರೆ, ಮೂರನೆಯದನ್ನು ಮಕ್ಕಳು. ಅದನ್ನು ಹಾಕದ ಮಗ ನಾಲ್ಕು ಜನರ ನಡುವೆ ತಲೆಯೆತ್ತುವ ಹಾಗಿಲ್ಲ. ದಿನ ಮುಂದೆ ಹಾಕುವ ಹಾಗೂ ಇಲ್ಲ.

"ಹಾಕು, ಬೇಡ ಅನ್ನಲ್ಲ. ಐದೂವರೆಗೆ ಬಂದು ಕೂರ್ತೀನಿ," ಎಂದಳು ರಿಮ್ಮಾ.

"ಸಂಜೆಗೆ ಬೇರೆಯವರ ಮದುವೆ ಇದೆಯಂತೆ, ಆರೂವರೆಗೆ ಹಾಲ್ ಬಿಟ್ಟುಕೊಡಬೇಕು. ಒಂದು ದಿನ ಹೋಗದಿದ್ದರೆ ಆಕಾಶ ಬೀಳುತ್ತಾ?"

"ನನ್ನ ಹೆಸರು ಬೀಳುತ್ತೆ."

ಬುಧವಾರ ಗುಲಾಬಿ ರೇಷ್ಮೆಯ ಉದ್ದ ಲಂಗ ಉಟ್ಟು ಹನ್ನೆರಡಕ್ಕೇ ಹೋಗಿ ಕುಳಿತಳು, ಕಾಲ ಬಳಿ ಪುಸ್ತಕದ ಚೀಲ. ಮೇಜಿನ ಮೇಲೆ ಕೊಕ್ಕಿಗೆ ಕೆಂಪು ಮೆಣಸಿನಕಾಯಿ ಸಿಕ್ಕಿಸಿದ ಇಡೀ ಹುಂಜ, ಗೋಪುರ ಕಟ್ಟಿದ ಹಣ್ಣು, ಸೊಸೆ ಇನೆಸ್ಸಾ ಎರಡು ದಿನ ಕೂತು ಹೆಚ್ಚಿದ ಕ್ಯಾರೆಟ್ ಸಲಾಡ್. ಒಬ್ಬೊಬ್ಬರಾಗಿ ಬಂದು ಅವಳಿಗೆ ವೋಡ್ಕಾ ಕೊಟ್ಟು ನೆಲಕ್ಕೆ ಬಗ್ಗಬೇಕು. ಆದರೆ ಆನ್ಸಾನ್ ಊರಿನ ನೆಂಟರ ಬಸ್ಸು ದಾರಿಯಲ್ಲಿತ್ತು. ಎಲ್ಲರೂ ಸೇರದೆ ಶುರು ಮಾಡಕೂಡದು ಎಂದು ಗಂಡನ ಅಕ್ಕ ಅವ್‌ಗುಸ್ತಾ ಅಡ್ಡ ಕೂತಿದ್ದಳು. ಎಂಬತ್ತರ ಹತ್ತಿರದ ಆ ಹೆಂಗಸಿನ ಮಾತು ಮೀರಿದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಹನ್ನೆರಡೂ ನಲವತ್ತಕ್ಕೆ ರಿಮ್ಮಾ ಎದ್ದು ಚೀಲ ಹೆಗಲಿಗೇರಿಸಿದಳು.

"ಕೂತ್ಕೊ," ಎಂದಳು ಅವ್‌ಗುಸ್ತಾ. "ಈ ಮೇಜಿಂದ ನಡುವೆ ಎದ್ದರೆ ಆಯಸ್ಸು ಅರ್ಧಕ್ಕೇ ನಿಲ್ಲುತ್ತೆ."

"ಅರ್ಧ ಆಗಲೇ ಮುಗಿದಿದೆ ಅತ್ತಿಗೆ. ಉಳಿದರ್ಧ ಕುರುಡಿ ಥರ ಸಹಿ ಹಾಕ್ಕೊಂಡು ಬದುಕಲ್ಲ ನಾನು."

"ನಿನ್ನ ಮಗನ ಮಾನ ತೆಗೀತಿದ್ದೀಯ."

"ಹೊಟ್ಟೆ ತುಂಬ ಊಟ ಹಾಕಿದವನ ಮಾನ ಎಲ್ಲಿ ಹೋಗುತ್ತೆ? ಚೆನ್ನಾಗಿ ತಿನ್ನಿ ಎಲ್ಲರೂ. ಬರ್ತೀನಿ."

ರಾಡಿಕ್‌ನ ಮುಖ ನೋಡಿದರೆ ಕಾಲು ನಿಂತುಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ನೋಡದೆಯೇ ನಡೆದಳು. ಕಣ್ಣು ತುಂಬಿತ್ತು, ಆದರೂ ನಡಿಗೆ ನಿಧಾನವಾಗಲಿಲ್ಲ. ಲಂಗ ಎತ್ತಿ ಹಿಡಿದು ಬಿಸಿಲಲ್ಲಿ ಹೋಗುತ್ತಿದ್ದವಳನ್ನು ಬ್ರೆಡ್ ಅಂಗಡಿಯವನು ಬಾಗಿಲಿಗೇ ಬಂದು ನೋಡಿದ. ಒಂದಕ್ಕೆ ಎರಡು ನಿಮಿಷ ಇರುವಾಗ ತರಗತಿಯಲ್ಲಿದ್ದಳು.

ನಮ್‌ಗುಂಗ್ ಟೀಚರ್ ಮಗನ ವಯಸ್ಸಿನ ಹುಡುಗಿ. ಹಾಜರಿಯ ವಿಷಯದಲ್ಲಿ ಯಾರ ದಾಕ್ಷಿಣ್ಯಕ್ಕೂ ಬಗ್ಗುವವಳಲ್ಲ. ಆ ಲಂಗ ನೋಡಿ, ವಿಷಯ ಕೇಳಿ, ಅವಳೇ ಪೆಚ್ಚಾದಳು. ಹತ್ತಿರ ಬಂದು ಮೆಲ್ಲಗೆ, "ನೀವು ಹೋಗಿ. ಇವತ್ತೊಂದು ದಿನ ಇದ್ದರು ಅಂತ ನಾನೇ ಬರ್ಕೋತೀನಿ," ಅಂದಳು.

ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಬಸ್ಸು ಈಗ ಬಂದಿರುತ್ತದೆ, ಈಗ ಎದ್ದರೂ ಮೇಜು ಮುಟ್ಟಬಹುದು. ರಿಮ್ಮಾ ಒಂದು ಗಳಿಗೆ ಬಾಗಿಲು ನೋಡಿದಳು.

"ಬೇಡ ಟೀಚರ್. ಬಿಡದ ಕೆಲಸಾನ ಬಿಟ್ಟಳು ಅಂತ ಒಂದು ಸಲ ಬರೆಸ್ಕೊಂಡಿದ್ದೀನಿ. ಇಲ್ಲದವಳನ್ನ ಇದ್ದಳು ಅಂತ ನೀವು ಬರೀಬೇಡಿ. ಪಾಠ ಮಾಡಿ."

ನಾಲ್ಕು ಗಂಟೆ ಕೂತಳು. ಬಾಡಿಗೆ ಮನೆಯ ಕರಾರು ಓದಿಸಿದರು. ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು.

ಐದೂಕಾಲಿಗೆ ಹಾಲ್‌ಗೆ ಬಂದಾಗ ಅರ್ಧ ಜನ ಹೋಗಿದ್ದರು. ಹುಂಜ ಹಾಗೇ ಇತ್ತು. ಅವಳ ಕುರ್ಚಿಯ ಮೇಲೆ ಅವಳದೇ ಫೋಟೋ, ಚೌಕಟ್ಟು ಸಮೇತ, ಮುಂದೆ ಸಾಲಾಗಿ ವೋಡ್ಕಾ ಲೋಟಗಳು. ಹೊತ್ತು ಮೀರಬಾರದೆಂದು ಅವ್‌ಗುಸ್ತಾ ಮನೆಯಿಂದ ಅದನ್ನು ತರಿಸಿ, ಬಂದ ನೆಂಟರನ್ನೆಲ್ಲ ಅದಕ್ಕೇ ಬಗ್ಗಿಸಿದ್ದಳು. ಫೋಟೋ ಇಟ್ಟು ಬಗ್ಗುವುದು ನಮ್ಮಲ್ಲಿ ಸತ್ತವರಿಗೆ.

ರಿಮ್ಮಾ ಫೋಟೋ ಎತ್ತಿಕೊಂಡು ನೋಡಿದಳು. "ಅಲ್ಲಿ ಬರದಿದ್ರೆ ಗೈರುಹಾಜರಿ ಅಂತಾರೆ. ಇಲ್ಲಿ ನೀವು ಸತ್ತೇಹೋದಳು ಅಂದ್ಬಿಟ್ರಾ ಅತ್ತಿಗೆ?"

"ಖಾಲಿ ಕುರ್ಚಿಗೆ ಬಗ್ಗೋಕಾಗುತ್ತಾ?" ಎಂದಳು ಅವ್‌ಗುಸ್ತಾ.

ರಿಮ್ಮಾ ಫೋಟೋವನ್ನು ಗೋಡೆಗೆ ಮುಖ ಮಾಡಿ ಒರಗಿಸಿದಳು. ಹಳೆಯ ಲೋಟಗಳನ್ನು ಒತ್ತಟ್ಟಿಗೆ ಸರಿಸಿ, ಲಂಗ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು. ರಾಡಿಕ್ ಗೋಡೆ ಪಕ್ಕ ಮುಖ ಊದಿಸಿಕೊಂಡು ನಿಂತಿದ್ದ.

"ಬಾ. ಹೊಸ ಲೋಟ ತುಂಬಿಸ್ಕೊಂಡು ಬಾ."

"ನಾನಿನ್ನೂ ಬಗ್ಗಿಲ್ಲಮ್ಮ," ಎಂದ ರಾಡಿಕ್. "ಆ ಫೋಟೋಗೆ ಬಗ್ಗಲ್ಲ ಅಂದೆ. ಅತ್ತೆ ಆಗಿಂದ ಮೊಂಡಿ ಮಗ ಅಂತ ಬೈತಿದ್ದಾಳೆ."