ಹಳದಿ ಬಟ್ಟೆಯ ಚೂರು

ಮುದ್ರಣಾಲಯದಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿ ನಿವೃತ್ತಳಾದವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕೆಂಪುಪೆನ್ನಿನಕ್ಕ ಎಂದೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಮದುವೆ ಕಾಗದ ಕೊಡಲು ಬಂದವರಿಗೂ ಅದರಲ್ಲಿ ಎರಡು ತಪ್ಪು ತೋರಿಸಿ, ಅವರ ಮುಖ ಹುಳ್ಳಗಾದ ಮೇಲೆಯೇ ಟೀ ಕೊಡುತ್ತಿದ್ದಳು. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಏಳೆಂಟು ಜನರಿಗೆ ಕಥೆ ಬರೆಯುವುದನ್ನು ಕಲಿಸುತ್ತಿದ್ದಳು.

"ಓದಿದವನು ಎದ್ದು ಹೊರಟ್ರೆ ಸೀದಾ ಆ ಮನೆ ಬಾಗಿಲಿಗೇ ಹೋಗಿ ನಿಲ್ಬೇಕು, ಹಾಗೆ ಬರೀರಿ!" ಇದು ಅವಳ ಮೊದಲ ಪಾಠ. ಎರಡನೆಯದು ಕಟ್ಟಪ್ಪಣೆ. ಯಾರೇ ಏನೇ ಓದಲಿ, ಇದು ನಿಜವಾ ಎಂದು ಕೇಳಕೂಡದು. "ನಾವು ಬಂದಿರೋದು ಕಥೆಗೆ, ಪಕ್ಕದ ಮನೆ ಸುದ್ದಿಗಲ್ಲ" ಎನ್ನುತ್ತಿದ್ದಳು. ಒಳ್ಳೆಯ ನಿಯಮವೇ. ಎಷ್ಟೋ ಜನ ಆ ಧೈರ್ಯದಲ್ಲೇ ಬರೆಯುತ್ತಿದ್ದರು.

ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಐದು ವಾರದಿಂದ ಬರುತ್ತಿದ್ದಳು. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪಾಠ ಮುಗಿಯುವ ತನಕ ಅವಳ ಗಂಡ ಕೆಳಗೆ, ಸೈಲೆನ್ಸರ್ ಒಡೆದ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದ. "ಪುಣ್ಯವಂತೆ ಕಣಮ್ಮ ನೀನು, ಗಂಡ ಒಂದು ಗಳಿಗೆ ಬಿಟ್ಟಿರಲ್ಲ!" ಎಂದು ಅಕ್ಕ ಒಮ್ಮೆ ಚೇಷ್ಟೆ ಮಾಡಿದಳು. ಅವಳು ನಗಲಿಲ್ಲ.

ಆ ವಾರದ ಅಭ್ಯಾಸ, ಭಯ ಎಂಬ ಪದ ಬಳಸದೆ ಭಯವನ್ನು ಬರೆಯುವುದು. ಹೊಲಿಗೆಯವಳು ತನ್ನ ನೋಟ್ ಪುಸ್ತಕ ತೆರೆದು ನಾಲ್ಕು ಪುಟ ಓದಿದಳು. ಗ್ರಂಥಾಲಯದ ಹಿಂದಿನ ಬಸ್ ಸ್ಟಾಪು, ಪಂಕ್ಚರ್ ಅಂಗಡಿ, ಮೂರನೇ ಗಲ್ಲಿ, ಹಸಿರು ಗೇಟು, ಹದಿನೆಂಟು ಮೆಟ್ಟಿಲು. ಮೇಲೆ, ಹೊರಗಿನಿಂದ ಬೀಗ ಬೀಳುವ ಬಾಗಿಲು. ಬೀಗದ ಕೈಯನ್ನು ಹಳದಿ ಬಟ್ಟೆಯ ಚೂರಿನಿಂದ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಗಂಡ. ಕೊನೆಗೆ ಅವನು ಖಾಲಿ ಕ್ಯಾನೊಂದನ್ನು ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟು, ಪೆಟ್ರೋಲ್ ತುಂಬಿಸಿ ತರುವ ದಿನ ತಾನೇ ಹೇಳುತ್ತೇನೆ ಎನ್ನುತ್ತಾನೆ.

ಒಬ್ಬರು "ಇದೇನು ನಿಜ..." ಎಂದು ಬಾಯಿ ತೆರೆದರು. ಅಕ್ಕ ಕಣ್ಣಲ್ಲೇ ಗದರಿಸಿದಳು. ಆಮೇಲೆ ಪುಸ್ತಕ ಎಳೆದುಕೊಂಡು ದಾರಿಯ ವಿವರಕ್ಕೆಲ್ಲ ಕೆಂಪು ಗೆರೆ ಹೊಡೆದಳು. ತನ್ನ ಮೊದಲ ಪಾಠ ತನಗೇ ಮರೆತಿತ್ತು. ಪೆನ್ನು ಕೈಗೆ ಬಂದರೆ ಅವಳಿಗೆ ಏನನ್ನಾದರೂ ಹೊಡೆಯಲೇಬೇಕು! ಅಂಚಿನಲ್ಲಿ ಬರೆದಳು: 'ವಿವರ ವಿಪರೀತ. ಗಂಡನಾದವನು ಹೀಗೆಲ್ಲ ಮಾಡುವುದಿಲ್ಲ. ನಂಬಿಕೆ ಬರುವುದಿಲ್ಲ.'

ಮುಂದಿನ ಶನಿವಾರ, ಉಳಿದವರು ಇನ್ನೂ ಬಂದಿರದ ಹೊತ್ತಿನಲ್ಲಿ, ಹೊಲಿಗೆಯವಳ ಬದಲು ಅವಳ ಗಂಡ ಮೆಟ್ಟಿಲು ಹತ್ತಿ ಬಂದ. ಬಲು ವಿನಯದ ಮನುಷ್ಯ.

"ಅವಳಿನ್ನು ಬರಲ್ಲ ಮೇಡಂ. ಪುಸ್ತಕ ನಿಮ್ಮ ಹತ್ರಾನೇ ಇರ್ಲಿ. ನೀವು ಬರ್ದಿದ್ದನ್ನ ಓದಿದೆ. ಸರಿಯಾಗೇ ಬರ್ದಿದೀರಿ, ಗಂಡ ಅನ್ನೋನು ಹಾಗೆಲ್ಲ ಮಾಡ್ತಾನಾ?"

ಪುಸ್ತಕ ಇಟ್ಟ ಕೈಯಲ್ಲಿ ಹಳದಿ ಬಟ್ಟೆಯ ಚೂರಿತ್ತು, ಅದರ ತುದಿಗೆ ಬೀಗದ ಕೈ.

ಅಕ್ಕ ಅವನನ್ನು ತಡೆದು ನಿಲ್ಲಿಸಲು ಕುರ್ಚಿ ಎಳೆದಳು. "ಕೂತ್ಕೊಳ್ಳಿ, ಟೀ ಕುಡಿದು ಹೋಗಿ" ಎಂದಳು ಹೇಗೋ.

"ಇಲ್ಲ ಮೇಡಂ, ಪೆಟ್ರೋಲ್ ಬಂಕಿಗೆ ಹೋಗ್ಬೇಕು."

ಸ್ಕೂಟರಿನ ಸದ್ದು ದೂರವಾದದ್ದೇ ತಡ, ಅಕ್ಕ ಪುಸ್ತಕ ಹಿಡಿದು ಓಡಿದಳು. ಅಯ್ಯೋ, ಅರವತ್ತು ದಾಟಿದ ಮಂಡಿ! ತಾನು ಹೊಡೆದುಹಾಕಿದ ಸಾಲುಗಳ ಮೇಲೆ ಬೆರಳಿಟ್ಟುಕೊಂಡೇ ಹೋದಳು. ಪಂಕ್ಚರ್ ಅಂಗಡಿ ಇತ್ತು. ಮೂರನೇ ಗಲ್ಲಿಯಲ್ಲಿ ಹಸಿರು ಗೇಟೂ ಇತ್ತು. ಮೆಟ್ಟಿಲು ಹತ್ತಿದರೆ, ಬಾಗಿಲಿಗೆ ಹೊರಗಿನಿಂದ ಬೀಗ.

ಪೊಲೀಸರಿಗೆ ಫೋನು ಮಾಡಿ ಗೆರೆಯ ಕೆಳಗಿನ ಸಾಲುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದಿದಳು. "ಇದು ಕಥೆ ಅಲ್ಲ ಸ್ವಾಮಿ, ನಿಜ. ನಿಜ! ಬೇಗ ಬನ್ನಿ!"

ಒಳಗಿನಿಂದ ಸಣ್ಣ ದನಿ ಕೇಳಿತು. "ದಾರಿ ಸಿಕ್ತಾ ಅಕ್ಕ?"

"ಸಿಕ್ತಮ್ಮ. ನೀನು ಬರ್ದ ಹಾಗೇ ಇದೆ. ತಪ್ಪು ನಂದು ಕಣೇ."

ಕೆಳಗೆ ಒಡೆದ ಸೈಲೆನ್ಸರಿನ ಸದ್ದು ಗಲ್ಲಿಗೆ ತಿರುಗಿ, ಗೇಟಿನ ಹತ್ತಿರ ನಿಂತಿತು. ಅಕ್ಕ ಪುಸ್ತಕವನ್ನು ಎದೆಗವಚಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಹತ್ತಿ ಬರಬೇಕಾದ ಮೆಟ್ಟಿಲುಗಳು ಹದಿನೆಂಟೇ ಇದ್ದವು.