ಚುಕ್ಕಿ ಐದು, ನಡುವೆ ನಾಲ್ಕು

ಆ ಶನಿವಾರ ಬೆಳಿಗ್ಗೆ ಬನಶಂಕರಿ ಅಮ್ಮನ ಮುಂದೆ ನಿಂತು ನಾನು ಬೇಡಿಕೊಂಡಿದ್ದು ಇಷ್ಟೇ: ಮಿಸ್ಸು ನನ್ನ ಮಗಳನ್ನು ಪ್ರಶ್ನೆ ಕೇಳದಿರಲಿ. ಕುಮಾರಸ್ವಾಮಿ ಲೇಔಟಿನ ಅವಳ ಶಾಲೆಯಲ್ಲಿ ಅಂದು ತಂದೆತಾಯಿಯರು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಬಹುದಿತ್ತು.

ಮಗಳು ಆರನೇ ಕ್ಲಾಸು. ಹಿಂದಿನ ವರ್ಷ ಲೆಕ್ಕದ ಪಿರಿಯಡ್ಡಿನಲ್ಲಿ ಏನೋ ತಪ್ಪು ಹೇಳಿದ್ದಕ್ಕೆ ಕ್ಲಾಸೆಲ್ಲ ನಕ್ಕಿತ್ತು. ಆಮೇಲೆ ಅಲ್ಲಿ ಅವಳು ಬಾಯಿ ಬಿಟ್ಟವಳಲ್ಲ, ಉತ್ತರ ಗೊತ್ತಿದ್ದರೂ. “ಲೆಕ್ಕ ಇಲ್ದಿರೋ ಸ್ಕೂಲು ಇದ್ಯಾ ಅಮ್ಮ?” ಎಂದು ಜಡೆ ಹಾಕುವಾಗ ಕೇಳಿದ್ದಳು. ಹೀಗೇ ಬಿಟ್ಟರೆ ಈ ಹುಡುಗಿ ಎಲ್ಲ ಕಡೆಯೂ ಸುಮ್ಮನಿರುವುದನ್ನೇ ಕಲಿತುಬಿಡುತ್ತಾಳೆ ಎಂಬ ಹೆದರಿಕೆ ನನಗೆ. ಆದರೂ ಕ್ಲಾಸು ಇನ್ನೊಮ್ಮೆ ನಕ್ಕರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ಈ ವರ್ಷ ಬಂದ ಲೆಕ್ಕದ ಮಿಸ್ಸು ಬೋರ್ಡಿನ ಮೇಲೆ ಒಂದೇ ಸಾಲಿನಲ್ಲಿ ಐದು ಚುಕ್ಕಿ ಇಟ್ಟು, ಮೊದಲಿನಿಂದ ಕೊನೆಯವರೆಗೆ ಗೆರೆ ಎಳೆದರು. ಒಂದು ಚುಕ್ಕಿಯಿಂದ ಪಕ್ಕದ ಚುಕ್ಕಿಗೆ ಒಂದು ಅಡಿ. ಗೆರೆ ಎಷ್ಟು ಉದ್ದ, ಬರೆಯಿರಿ ಎಂದರು. ಬೆಂಚುಗಳ ನಡುವೆ ಓಡಾಡಿ ಎಲ್ಲರ ಪುಸ್ತಕ ನೋಡಿದರು, ಯಾರದನ್ನೂ ತಿದ್ದಲಿಲ್ಲ. ಕೊನೆಗೆ ನನ್ನ ಮಗಳ ಹತ್ತಿರ ಬಂದು ನಿಂತರು. ನಾನು ಸೆರಗಿನೊಳಗೇ ಕೈ ಮುಗಿದೆ.

“ಎಷ್ಟು ಬರೆದೆ ಪುಟ್ಟಿ?”

“ಐದು,” ಬರೆದದ್ದನ್ನೇ ನೋಡಿ ಓದಿದಳು.

ಯಾರೋ ಹುಡುಗಿ ಕಿಸಕ್ಕೆಂದಳು. ಮಿಸ್ಸು ಅತ್ತ ತಿರುಗಲೂ ಇಲ್ಲ. “ಏನನ್ನ ಎಣಿಸ್ದೆ?”

“ಚುಕ್ಕಿ, ಮಿಸ್. ನಮ್ಮಮ್ಮ ರಂಗೋಲಿ ಹಾಕೋವಾಗ ಹಂಗೇ ಎಣಿಸ್ತಾರೆ.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

“ಚುಕ್ಕಿ ಐದೇ, ಸರಿಯಾಗಿ ಎಣಿಸಿದೀಯ. ಬಾ, ನಿನ್ನ ಬೆರಳನ್ನ ಇರುವೆ ಅಂದ್ಕೋ. ಈ ತುದಿಯಿಂದ ಆ ತುದಿಗೆ ನಡೆಸು. ಎಷ್ಟು ಅಡಿ ನಡೀತು, ಹೇಳ್ತಾ ಹೋಗು.”

ಅವಳು ಎದ್ದು ಹೋದಳು. ಬೆರಳು ಚುಕ್ಕಿಯಿಂದ ಚುಕ್ಕಿಗೆ ಸರಿಯಿತು. ನಾಲ್ಕು ಎನ್ನುವಾಗ ಗೆರೆ ಮುಗಿದಿತ್ತು. ಚುಕ್ಕಿಗಳನ್ನು ಇನ್ನೊಮ್ಮೆ ಬೆರಳಿಟ್ಟು ಎಣಿಸಿದಳು. ಮಿಸ್ಸು ಕಾದರು.

“ಚುಕ್ಕಿ ಐದು ಮಿಸ್, ನಡುವೆ ನಾಲ್ಕೇ. ಉದ್ದ ನಾಲ್ಕಡಿ.”

ಕ್ಲಾಸಿನಲ್ಲಿ ರಬ್ಬರು ಉಜ್ಜುವ ಸದ್ದು. ಕಿಸಕ್ಕೆಂದವಳೂ ಉಜ್ಜುತ್ತಿದ್ದಳು.

ಪಾಠ ಮುಗಿದ ಮೇಲೆ ಮಿಸ್ಸನ್ನು ಕೇಳಿದೆ, “ಅವಳು ಐದು ಅಂತಾಳೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ?”

“ಯಾರಾದ್ರೂ ಐದು ಅಂದೇ ಅಂತಾರೆ ಅಂತ ಗೊತ್ತಿತ್ತು. ಅದಕ್ಕೇ ಸ್ಕೇಲ್ ಬಿಟ್ಟು ಚುಕ್ಕಿ ಇಟ್ಟೆ. ಮಕ್ಕಳು ಎಲ್ಲಿ ಎಡವ್ತಾರೆ, ಆಗ ನಾನೇನು ಕೇಳ್ಬೇಕು ಅಂತ ಬಸ್ಸಲ್ಲಿ ಯೋಚಿಸ್ಕೊಂಡೇ ಬರ್ತೀನಿ. ನಾನೇ ನಾಲ್ಕು ಅಂದ್ಬಿಟ್ರೆ ಬರ್ಕೊಂಡು ಸುಮ್ಮನಾಗ್ತಾರೆ.”

“ಇವಳನ್ನೇ ಯಾಕೆ ಎಬ್ಬಿಸಿದ್ರಿ?”

“ತುಂಬ ಜನ ಐದು ಅಂತ ಬರೆದಿದ್ರು. ನಿಮ್ಮ ಮಗಳು ಒಂದೊಂದು ಚುಕ್ಕಿಗೂ ನಂಬರ್ ಹಾಕಿದ್ಲು. ಯಾಕೆ ಐದು ಅಂತ ಇವಳು ಹೇಳಬಲ್ಲಳು ಅನ್ನಿಸ್ತು.”

ಮಂಗಳವಾರ ಬನಶಂಕರಿಗೆ ನಿಂಬೆಹಣ್ಣಿನ ದೀಪ ಹಚ್ಚಿದೆ. ಬೇಡಿದ್ದನ್ನು ಅಮ್ಮ ಕೊಟ್ಟಿರಲಿಲ್ಲ, ಅದಕ್ಕೇ ಹಚ್ಚಿದ್ದು. ಸಂಜೆ ಮಗಳು ಶಾಲೆಯಿಂದ ಬಂದು ಡಬ್ಬಿಯನ್ನು ಸಿಂಕಿಗೆ ಹಾಕುತ್ತಾ, “ಇವತ್ತೂ ಲೆಕ್ಕದಲ್ಲಿ ಒಂದು ತಪ್ಪು ಹೇಳ್ದೆ ಅಮ್ಮ” ಎಂದಳು. ಹಾಗೆಂದು, ತಿನ್ನಲು ಏನಿದೆ ಎಂದು ಕೇಳಿದಳು.