ಕೈಚೀಲವಿಲ್ಲದೆ ನಡೆಯುವಂತಿಲ್ಲ

ಎಂಬತ್ತರ ದಶಕದಲ್ಲಿ ನಾನು ಬಡಾವಣೆಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಉದ್ಯಾನವೆಂದು ಗುರುತಿಸಿದ ಜಾಗಕ್ಕೆ ಹಸಿರು ಬಣ್ಣ ತುಂಬುವಾಗಲೆಲ್ಲ ಕೇಳುತ್ತಿದ್ದೆ: ಇಲ್ಲಿ ಒಬ್ಬ ಹೆಂಗಸು ಕೈಯಲ್ಲಿ ಚೀಲವಿಲ್ಲದೆ ನಡೆದಾಡಬಹುದೇ? ಜೊತೆಯವರು ನಗುತ್ತಿದ್ದರು. ಕಾರಣ ಹೇಳಲು ನನಗೆ ನಾಚಿಕೆ.

ನಾನು ಓದು ಮುಗಿಸಿ, ಕೆಲಸ ಸಿಗದೆ, ಕೊಪ್ಪದ ಮೇಲಿನ ಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಕೂತಿದ್ದ ವರ್ಷ ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ದಿನಾ ಸಂಜೆ ನಡೆಯಬೇಕು, ಇಲ್ಲದಿದ್ದರೆ ಕಾಲಿನ ಉರಿ ಹೆಚ್ಚುತ್ತದೆ ಎಂದರು ಡಾಕ್ಟರು. ನಡೆಯುವುದೆಲ್ಲಿ? ಶಾಲೆಯ ಮೈದಾನ ಹುಡುಗರದ್ದು, ಬಸ್‌ಸ್ಟ್ಯಾಂಡು ಗಂಡಸರದ್ದು, ರಸ್ತೆಯ ಅಂಚು ಮರದ ನಾಟಾ ಲಾರಿಗಳದ್ದು. ಅದರ ಮೇಲೆ ಪ್ರತಿ ಜಗಲಿಯಿಂದಲೂ ಒಂದೇ ಪ್ರಶ್ನೆ, "ಎಲ್ಲಿಗೆ ಹೊರಟಿದ್ದು?" ಸುಮ್ಮನೆ ಎನ್ನುವಂತಿಲ್ಲ. ಕಾಯಿಲೆ ಎನ್ನುವಂತೆಯೂ ಇಲ್ಲ. ಬಾಳೆಹೊನ್ನೂರಿನ ಕಡೆಯಿಂದ ಅಕ್ಕನಿಗೆ ಸಂಬಂಧ ಬಂದಿತ್ತು; ತಾಯಿಗೆ ಸಕ್ಕರೆ ಎಂದು ತಿಳಿದರೆ ಅವರು ಹಿಂದೆ ಸರಿಯುತ್ತಿದ್ದರು.

ಹಾಗಾಗಿ ಅಮ್ಮ ಕೈಚೀಲ ಹಿಡಿದಳು. ಕೆಳಗಿನ ಪೇಟೆಯ ಸಾಬರ ದಿನಸಿ ಅಂಗಡಿಯವರೆಗೆ ನಡೆದು, ಒಂದೇ ಒಂದು ಸಾಮಾನು ತಂದು, ಏರು ಹತ್ತಿ ಬರುತ್ತಿದ್ದಳು. ಇವತ್ತು ಉಪ್ಪು, ನಾಳೆ ಬೆಂಕಿಪೊಟ್ಟಣ. ಬೆಂಕಿಪೊಟ್ಟಣ ಎಂದೇ ನನ್ನ ನೆನಪು. ಅಕ್ಕ ಮಾತ್ರ ಅಲ್ಲವೇ ಅಲ್ಲ, ಸೀಗೆಪುಡಿ ಎನ್ನುತ್ತಾಳೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಮುಂದಿನದ್ದನ್ನು ಮಾತ್ರ ಅಕ್ಕನೂ ಒಪ್ಪುತ್ತಾಳೆ.

ನಮ್ಮೂರಲ್ಲಿ ಸಂಬಳದವರು ತಿಂಗಳ ಸಾಮಾನನ್ನು ಒಟ್ಟಿಗೆ ತರುವವರು. ದಿನದಿನವೂ ಚೂರುಚೂರು ಕೊಳ್ಳುವವರು ಕೂಲಿಯವರು. ಅಪ್ಪಯ್ಯ ಶಾಲೆಯ ಮೇಷ್ಟ್ರು. ಮೇಷ್ಟ್ರ ಹೆಂಡತಿ ಹೀಗೆ ಬರತೊಡಗಿದರೆ ಪೇಟೆ ಏನೆಂದುಕೊಳ್ಳಬೇಕು? ಸಂಬಳ ಎಲ್ಲಿ ಹೋಗುತ್ತದೆ ಎಂಬುದನ್ನು ಪೇಟೆಯೇ ಕಂಡುಹಿಡಿಯಿತು.

ಒಂದು ಭಾನುವಾರ, ಅಪ್ಪಯ್ಯ ಸ್ನಾನಕ್ಕೆ ಹೋಗಿದ್ದಾಗ, ಸಾಬರು ಅಕ್ಕಿಯ ಗಂಟು ಹೊತ್ತು ಜಗಲಿಗೆ ಬಂದರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದವರು ಮೇಷ್ಟ್ರು. ಇಸ್ಪೀಟಿನ ಚಟ ಎಂಥವರನ್ನೂ ಹಿಡೀತದೆ. ಬಿಡ್ತಾರೆ, ಬಿಡ್ತಾರೆ."

ನಾನು ನಡುವೆ ಬಾಯಿ ಹಾಕಿದೆ. "ಸಾಬ್ರೇ, ಅದು ಹಾಗಲ್ಲ, ಅಮ್ಮನಿಗೆ..."

"ಮಾಣಿ," ಅಮ್ಮ ತಡೆದಳು, "ಅಕ್ಕಿ ಒಳಗೆ ಇಡು."

ಒಳಗೆ ಡಬ್ಬಿಯ ತುಂಬ ನಮ್ಮದೇ ಅಕ್ಕಿ ಇತ್ತು. ಸುರಿಯಲು ಜಾಗವಿಲ್ಲದೆ ಆ ಗಂಟನ್ನು ನೆಲದ ಮೇಲಿಟ್ಟೆ. ಹೊರಗೆ ಅಮ್ಮ ಸಾಬರ ಮನೆಯವರ ಆರೋಗ್ಯ ವಿಚಾರಿಸುತ್ತಿದ್ದಳು.

ಊಟಕ್ಕೆ ಕೂತಾಗ ಅಮ್ಮ ಎಲ್ಲವನ್ನೂ ಅಪ್ಪಯ್ಯನಿಗೆ ಹೇಳಿದಳು. "ನಾ ಇನ್ನು ಹೋಗೋದಿಲ್ಲ. ನಿಮ್ಮ ಹೆಸರು ಹಾಳಾಯ್ತಲ್ಲ."

"ಇಸ್ಪೀಟಾ! ಎಲೇಲಿ ರಾಜ ಯಾವುದು, ಗುಲಾಮ ಯಾವುದು ಅಂತಲೇ ನಂಗೆ ಗೊತ್ತಿಲ್ಲ ಮಾರಾಯ್ತಿ." ಅಪ್ಪಯ್ಯನಿಗೆ ನಗು ತಡೆಯಲಾಗಲಿಲ್ಲ.

ನಾನು ತಟ್ಟೆ ಸರಿಸಿದೆ. "ಇಡೀ ಪೇಟೆ ಆಡಿಕೊಳ್ತಾ ಇದೆ ಅಪ್ಪಯ್ಯ. ಶಾಲೇಲಿ ಮುಖ ಹೇಗೆ ತೋರಿಸ್ತೀರಿ?"

ಅಪ್ಪಯ್ಯ ಅಮ್ಮನ ಕಡೆ ತಿರುಗಿದ. "ನಡೆದು ಬಂದ್ರೆ ಕಾಲಿನ ಉರಿ ಕಡಿಮೆ ಆಗ್ತದಾ?"

"ಆಗ್ತದೆ."

"ಮತ್ತೆಂತ? ನಡಿ."

ಮರುದಿನ ಸಂಜೆ ಅಮ್ಮ ಚೀಲ ಹಿಡಿದು ಇಳಿಜಾರಿನಲ್ಲಿ ಹೊರಟಳು. ಅಪ್ಪಯ್ಯ ಜಗಲಿಯ ಮೇಲೆ ಕೂತಿದ್ದ, ನಾನು ಬಾಗಿಲಲ್ಲಿ ನಿಂತಿದ್ದೆ. ಎದುರಿನ ಹೋಟೆಲಿನವ ಬೀಡಿ ಹಚ್ಚುತ್ತಾ ಕೂಗಿದ, "ಎಂತ ಮೇಷ್ಟ್ರೇ, ಇವತ್ತು ಆಟ ಇಲ್ವಾ?"

ಹೊಸ್ತಿಲು ಬಾಯ್ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು. ಅಮ್ಮ ತಿರುವು ದಾಟುವವರೆಗೂ ಅಪ್ಪಯ್ಯ ಅವಳ ಬೆನ್ನನ್ನೇ ನೋಡಿ, ಆಮೇಲೆ ನಿಧಾನವಾಗಿ ಹೇಳಿದ:

"ಇವತ್ತು ರಜ ಮಾರಾಯ. ನಿನ್ನೆ ಎಲೆ ಸರಿಯಾಗಿ ಬೀಳಲಿಲ್ಲ."